ಭಾನುವಾರ ಕೈಕೊಡುವ ಟಿವಿ

ನಮ್ಮ ಮನೆಯ ಟಿವಿ ನಿಂತುಹೋದರೆ ನನ್ನ ಯಜಮಾನರು ಅದರ ನೆತ್ತಿಯ ಮೇಲೆ ಒಂದು ಏಟು ಹಾಕುತ್ತಾರೆ. ಈಗಿನ ಟಿವಿಗೆ ನೆತ್ತಿ ಎಲ್ಲಿಂದ ಬರಬೇಕು? ಗೋಡೆಗೆ ಅಂಟಿದ ಹಲಗೆ ಅದು. ಆದರೂ ಹಳೆಯ ಡಬ್ಬಾ ಟಿವಿಯ ಕಾಲದ ಚಟ ಬಿಟ್ಟಿಲ್ಲ. ಅತ್ತೆಯವರು ಧಾರಾವಾಹಿ ತಪ್ಪಿತೆಂದು ಗೊಣಗಲು ಶುರುಮಾಡುತ್ತಾರೆ, ಮಗಳು ಮಾನ್ಯಾ ಮೊಬೈಲು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಕೊನೆಗೆ ನಾನು ಮೇಲಿನ ಮಹಡಿಗೆ ಹೋಗಿ ವಿಶಾಲಕ್ಕನ ಬಾಗಿಲು ತಟ್ಟುತ್ತೇನೆ. ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ನಮ್ಮ ಗಲ್ಲಿಯಲ್ಲಿ, ಈ ಕಟ್ಟಡದ ಕನ್ನಡದ ಮನೆಗಳೆಲ್ಲ ಮಾಡುವುದು ಇದನ್ನೇ.

ವಿಶಾಲಾಕ್ಷಿ ಎಂದು ಪೂರ್ತಿ ಹೆಸರು. ವಯಸ್ಸು ಐವತ್ತರ ಮೇಲೆ. ನಾವಿಬ್ಬರೂ ರಕ್ಷಣಾ ಇಲಾಖೆಯ ಒಂದೇ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುವವರು. ಅವರು ಉಗ್ರಾಣದ ವಿಭಾಗ, ನಾನು ರಜೆ-ಹಾಜರಿಯ ವಿಭಾಗ. ಬೆಳಿಗ್ಗೆ ಒಂದೇ ಬಸ್ಸು ಹತ್ತುತ್ತೇವೆ, ಗೇಟಿನಲ್ಲಿ ಇಬ್ಬರೂ ಮೊಬೈಲು ಒಪ್ಪಿಸಿ ಒಳಗೆ ಹೋಗುತ್ತೇವೆ, ಸಂಜೆ ಅದೇ ಬಸ್ಸಿನಲ್ಲಿ ತಿರುಗಿ ಬರುತ್ತೇವೆ. ಹಾಗೆ ನೋಡಿದರೆ ನನ್ನ ಗಂಡನಿಗಿಂತ ಹೆಚ್ಚು ಹೊತ್ತು ನಾನು ಕಳೆಯುವುದು ಅವರ ಜೊತೆಯಲ್ಲೇ.

ಟಿವಿ ಸರಿಮಾಡುವುದರಲ್ಲಿ ಅವರದು ದೊಡ್ಡ ವಿದ್ಯೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಾಗುವುದಿಲ್ಲ, ಕೈಚೆಲ್ಲಿ "ಕಂಪನಿ ಮಂದೀನ್ನ ಕರೀರಿ" ಎಂದು ಹೇಳಿಬಿಡುತ್ತಾರೆ. ಅವರಲ್ಲಿರುವುದು ತಾಳ್ಮೆ, ಅಷ್ಟೆ. ಬಂದವರು ಮೊದಲು ಟಿವಿಯ ಕಡೆ ನೋಡುವುದೇ ಇಲ್ಲ. "ವೈಫೈ ಡಬ್ಬಿ ಎಲ್ಲಿಟ್ಟೀರಿ?" ಎಂದು ಕೇಳುತ್ತಾರೆ. ಕೆಳಗಿನ ಮನೆಯ ಗುರುಸಿದ್ದಪ್ಪನವರು ಅದನ್ನು ದೇವರ ಜಗಲಿಯ ಮೇಲೆ, ತಗಡಿನ ಮಂಟಪದ ಹಿಂದೆ ಇಟ್ಟಿದ್ದರು. ಹೇಗೂ ದೀಪ ಮಿನುಗುತ್ತದೆ, ದೇವರಿಗೂ ಬೆಳಕಾಯಿತು ಎಂಬ ಲೆಕ್ಕಾಚಾರ. ನಾವು ತಿಜೋರಿಯ ಮೇಲೆ, ಹಾಸಿಗೆಯ ಗಂಟುಗಳ ನಡುವೆ ತುರುಕಿದ್ದೆವು. "ಕಬ್ಬಿಣದ ಮ್ಯಾಲ, ಗಾದಿ ನಡಕ ಇಟ್ರ ಅದು ಉಸುರು ಹೆಂಗ ಬಿಡಬೇಕ? ಎತ್ತರದಾಗ ಬಯಲಿಗಿಡ್ರಿ" ಎಂದು ಅದನ್ನು ತಾವೇ ಎತ್ತಿ ಗೂಡಿನಲ್ಲಿಟ್ಟರು. ಅಂದಿನಿಂದ ಒಳಕೋಣೆಗೂ ಸಿಗ್ನಲ್ ಬಂತು, ಮಾನ್ಯಾ ಅಲ್ಲಿಂದ ಹೊರಗೆ ಬರುವುದು ಪೂರ್ತಿ ನಿಂತಿತು. ಅದಕ್ಕೆ ಮಾತ್ರ ಅವರ ಬಳಿ ಮದ್ದಿಲ್ಲ.

ರಿಮೋಟು ಸತ್ತಿದೆಯೋ ಬದುಕಿದೆಯೋ ನೋಡಲು ಅದನ್ನು ಮೊಬೈಲಿನ ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತುತ್ತಾರೆ. ಮೊಬೈಲಿನ ಪರದೆಯಲ್ಲಿ ಸಣ್ಣ ಬೆಳಕು ಕಂಡರೆ ರಿಮೋಟು ಸರಿಯಿದೆ, ತಪ್ಪು ಟಿವಿಯದು ಎಂದರ್ಥ. ಟಿವಿ ತಲೆಹರಟೆ ಮಾಡಿದರೆ ರಿಮೋಟಿನಿಂದ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಹಾಕಬೇಕು. ಮೊಬೈಲು ತುಂಬಿತೆಂದು ಹೊಸದು ಕೊಳ್ಳಲು ಓಡಬಾರದು, ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಿದರೆ ಅರ್ಧ ಹಗುರಾಗುತ್ತದೆ. ನಮ್ಮ ಅತ್ತೆಯವರ ಮೊಬೈಲಿನಿಂದ ಅವರು ತೆಗೆದ ಗುಲಾಬಿಗಳಲ್ಲಿ ಒಂದು ತೋಟ ಮಾಡಬಹುದಿತ್ತು.

ಅವರ ಒಂದು ರೀತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಟಿವಿಯಲ್ಲಿ ಚಿತ್ರ ಮೂಡಿತು ಎಂದರೆ ಎದ್ದುಬಿಡುವರು.

"ಕೂಡ್ರಿ ಅಕ್ಕಾರ, ಚಹಾಕ್ಕ ಇಟ್ಟೀನಿ," ಎನ್ನುತ್ತಿದ್ದೆ.

"ನಕೋ ಮಾನಸಾ. ಪಿಚ್ಚರ್ ಚಾಲೂ ಆತಲ್ಲ, ನೀವೆಲ್ಲಾ ಕೂಡಿ ನೋಡ್ರಿ."

ಬಾಗಿಲಲ್ಲಿ ಒಂದು ಗಳಿಗೆ ನಿಂತು, ಸೋಫಾದ ಮೇಲೆ ನಾವು ಒಬ್ಬರ ಮೈಮೇಲೆ ಒಬ್ಬರು ಬಿದ್ದು ಜಾಗಕ್ಕೆ ಜಗಳವಾಡುವುದನ್ನು ನೋಡಿ, ಮೇಲೆ ಹೋಗುತ್ತಿದ್ದರು. ಸಂಕೋಚದ ಹೆಂಗಸು ಎಂದುಕೊಂಡಿದ್ದೆ. ಒಂದು ಶನಿವಾರದವರೆಗೆ ನಾನು ತಿಳಿದದ್ದು ಅಷ್ಟೇ.

ಅವರ ಊರು ವಿಜಯಪುರ ಜಿಲ್ಲೆಯ ತಾಳಿಕೋಟಿ ಕಡೆ. ಚಿಕ್ಕ ವಯಸ್ಸಿನಲ್ಲೇ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿ ಹೈದರಾಬಾದಿಗೆ ಬಂದರು. ತಾಯಿತಂದೆ ಹೋದ ಮೇಲೆ ತಮ್ಮ ಸುಬ್ಬಣ್ಣನನ್ನು ಕರೆತಂದು ಇಲ್ಲೇ ಓದಿಸಿದರು. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ. "ಆಗಲಿಲ್ಲ, ಅಷ್ಟ" ಎಂದರು. ತಮ್ಮನಿಗಾಗಿ ಬಾಳು ಸವೆಸಿದ ಅಕ್ಕ ಎಂದೆಲ್ಲ ನಾನು ಬರೆದರೆ ಅವರೇ ನಕ್ಕುಬಿಡುತ್ತಾರೆ. ಅವರಿಗೆ ತಮ್ಮನ ಜೊತೆ ಇರುವುದು ಇಷ್ಟವಿತ್ತು, ಇದ್ದರು. ಅವನ ಮದುವೆಯಾಗಿ ಕೋಕಿಲಾ ಬಂದಳು, ಸಿಂಚನಾ ಹುಟ್ಟಿದಳು, ಭರತ ಹುಟ್ಟಿದ. ಮೇಲಿನ ಮಹಡಿಯ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಸುಬ್ಬಣ್ಣ ನಗರದ ಇನ್ನೊಂದು ತುದಿಯ ಕೊಂಡಾಪುರದಲ್ಲಿ ಫ್ಲ್ಯಾಟು ಹಿಡಿದ. ಅವನ ಕಂಪನಿ ಆ ಕಡೆ, ಮಕ್ಕಳ ಶಾಲೆ ಆ ಕಡೆ. ವಿಶಾಲಕ್ಕನ ಕಾರ್ಖಾನೆ ಈ ಕಡೆ. ಯಾರ ತಪ್ಪೂ ಅಲ್ಲ. ಲಾರಿ ಬಂದು ಸಾಮಾನು ಹೇರಿಕೊಂಡು ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವರು ಒಬ್ಬರೇ ಉಳಿದರು.

ಟಿವಿಯೂ ಲಾರಿಯಲ್ಲಿ ಹೋಗಿತ್ತು. ಅವರು ಹೊಸದೊಂದು ತಂದರು. ಅದು ಹೇಳಿದ ಮಾತು ಕೇಳದು. ಹೇಗೂ ಸಂಜೆ ಮಾಡುವ ಕೆಲಸವಿರಲಿಲ್ಲ, ಯೂಟ್ಯೂಬ್ ನೋಡಿ ನೋಡಿ ಅದರ ಒಂದೊಂದೇ ಗುಟ್ಟು ಕಲಿತರು. ಹಾಗೆ ಶುರುವಾಯಿತು ಈ ಪಾಂಡಿತ್ಯ. ಬಹಳ ಹೊತ್ತು ಯಾವ ಗುಂಡಿಯನ್ನೂ ಒತ್ತದಿದ್ದರೆ ಟಿವಿಯೇ ಸಿನಿಮಾ ನಿಲ್ಲಿಸಿ 'ಇನ್ನೂ ನೋಡುತ್ತಿದ್ದೀರಾ?' ಎಂದು ಕೇಳುತ್ತದಲ್ಲ, ಒಂದು ರಜೆಯ ದಿನ ಆ ಮಾತು ಬಂದಾಗ ನಾನು ಅಲ್ಲೇ ಇದ್ದೆ.

"ನೋಡು, ಬೆಳಗಿಂದ ನನಗ ಒಂದು ಮಾತು ಕೇಳಿದ್ದು ಇದೊಂದ," ಎಂದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಸಿನಿಮಾ ನೋಡುವ ಆ ಚಂದಾ ಅವರ ಹೆಸರಿನಲ್ಲಿತ್ತು. ಮನೆ ಎರಡಾದರೂ ಖಾತೆ ಒಂದೇ ಇರಲಿ ಎಂದು ಸುಬ್ಬಣ್ಣನ ಟಿವಿಯನ್ನೂ ಅದಕ್ಕೇ ಜೋಡಿಸಿದ್ದರು. ಒಳಗೆ ಹೋಗಲು ಬೇಕಾದ ಓಟಿಪಿ ಬರುವುದು ಇವರ ಮೊಬೈಲಿಗೆ. ಒಂದು ಭಾನುವಾರ ಕೊಂಡಾಪುರದ ಟಿವಿ ತಾನಾಗಿ ಖಾತೆಯಿಂದ ಹೊರಬಿತ್ತು. ಸುಬ್ಬಣ್ಣ ಫೋನ್ ಮಾಡಿ ಓಟಿಪಿ ಕೇಳಿದ. ನಮ್ಮ ಕಾರ್ಖಾನೆಯಲ್ಲಿ ಮೊಬೈಲು ಮೋಸಗಳ ಬಗ್ಗೆ ಸಾಹೇಬರು ಕೂಡಿಸಿಕೊಂಡು ಪಾಠ ಮಾಡುತ್ತಾರೆ. ಹೆತ್ತ ತಾಯಿ ಕೇಳಿದರೂ ಫೋನಿನಲ್ಲಿ ಓಟಿಪಿ ಹೇಳಬೇಡಿ ಎಂದು ನಮ್ಮ ತಲೆಯಲ್ಲಿ ಮೊಳೆ ಹೊಡೆದಿದ್ದಾರೆ. ವಿಶಾಲಕ್ಕ ಪಾಲಿಸಿದರು. ಸ್ವಂತ ತಮ್ಮನಿಗೆ, ಒಂದು ಸಿನಿಮಾದ ಓಟಿಪಿಗೆ, "ಫೋನ್‌ನಾಗ ಹೇಳಾಕ ಬರೂದಿಲ್ಲ ಸುಬ್ಬಣ್ಣಾ, ನಾನ ಬರ್ತೀನಿ ತಡಿ" ಎಂದು ಬಸ್ಸು ಹತ್ತಿ, ಕಂಡಕ್ಟರಿಗೆ ಆಧಾರ್ ತೋರಿಸಿ ಹೆಂಗಸರಿಗೆ ಪುಕ್ಕಟೆ ಕೊಡುವ ಜೀರೋ ಟಿಕೆಟ್ ತೆಗೆದುಕೊಂಡು, ಟೋಲಿಚೌಕಿ, ಗಚ್ಚಿಬೌಲಿ ದಾಟಿ ಕೊಂಡಾಪುರಕ್ಕೆ ಹೋಗಿ ನಾಲ್ಕಾರು ಅಂಕಿ ಒತ್ತಿ ಬಂದರು. ಇಂಥ ಕೆಲಸ ನಮ್ಮ ಕಾರ್ಖಾನೆಯ ಮಂದಿಯೇ ಮಾಡಬೇಕು.

ಮುಂದಿನ ಭಾನುವಾರವೂ ಟಿವಿ ಹಾಗೇ ಮಾಡಿತು. ಅದರ ಮುಂದಿನದೂ. ಅದಕ್ಕೆ ಭಾನುವಾರದ ಕಾಯಿಲೆ ಹತ್ತಿದೆ ಎಂದು ಕೋಕಿಲಾ ತಮಾಷೆ ಮಾಡುತ್ತಿದ್ದಳಂತೆ.

ಸೋಮವಾರ ಬಸ್ಸಿನಲ್ಲಿ ನನಗೆ ಅದರ ಪೂರ್ತಿ ವರದಿ. ಟಿವಿ ಹೀಗಾಗಿತ್ತು, ಹೀಗೆ ಸರಿಮಾಡಿದೆ ಎಂದು ಎರಡು ಮಾತು. ಉಳಿದದ್ದೆಲ್ಲ ಬೇರೆ. ಕೋಕಿಲಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಊಟವಾದ ಮೇಲೆ ಎಲ್ಲರೂ ಸಿನಿಮಾಕ್ಕೆ ಕೂತರು. ಭರತ ತೊಡೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ. ಸಿಂಚನಾ ಪ್ರತಿ ಹೊಡೆದಾಟಕ್ಕೂ "ಅತ್ತೀ, ಈಗ ನೋಡ್ರಿ" ಎಂದು ಕೈ ಹಿಂಡಿದಳು. ಅರ್ಧದಲ್ಲಿ ಚುರಮುರಿ ಬಂತು. ನಮ್ಮ ಮನೆಯಲ್ಲಿ ಒಂದು ಗಳಿಗೆ ಕೂರದ ಹೆಂಗಸು ಅಲ್ಲಿ ಎರಡೂವರೆ ತಾಸು ಸೋಫಾದ ನಡುವೆ ಕೂತಿರುತ್ತಿದ್ದರು. ಯಾವ ಸಿನಿಮಾ ಎಂದು ಕೇಳಿದರೆ ಮಾತ್ರ ಹೆಸರು ನೆನಪಾಗುತ್ತಿರಲಿಲ್ಲ.

ಆ ಶನಿವಾರ ಸಂಜೆ ಮೊಸರಿಗೆ ಹೆಪ್ಪು ಕೇಳಲು ಮೇಲೆ ಹೋದೆ. ಬಾಗಿಲು ತೆರೆದಿತ್ತು. ವಿಶಾಲಕ್ಕ ಮೊಬೈಲಿಗೆ ಕಣ್ಣು ಅಂಟಿಸಿ ಕೂತಿದ್ದರು. ನಾನು ಹಿಂದಿನಿಂದ ಬಂದದ್ದು ತಿಳಿಯಲಿಲ್ಲ. ಪರದೆಯ ಮೇಲೆ 'ಎಲ್ಲಾ ಸಾಧನಗಳಿಂದ ಸೈನ್ ಔಟ್' ಎಂಬ ಗುಂಡಿ. ಬೆರಳು ಅದರ ಮೇಲೆ ಬಿತ್ತು. ಎದುರಿನ ಟಿವಿಯಲ್ಲಿ ಓಡುತ್ತಿದ್ದ ಹಾಡು ತಟ್ಟನೆ ನಿಂತು, ಹೆಸರು ನಂಬರು ಹಾಕಿ ಎಂಬ ಪುಟ ಬಂತು.

"ಇದೇನ್ ಮಾಡಾಕತ್ತೀರಿ ಅಕ್ಕಾರ?"

ಬೆಚ್ಚಿಬಿದ್ದರು. ಸುಳ್ಳು ಹೇಳಬಹುದಿತ್ತು, ನನಗೆ ಈ ಯಂತ್ರಗಳ ಗಂಧಗಾಳಿ ಇಲ್ಲ, ಏನು ಹೇಳಿದ್ದರೂ ನಂಬುತ್ತಿದ್ದೆ. ಮೊಬೈಲು ಕೆಳಗಿಟ್ಟು ಹೇಳಿಯೇಬಿಟ್ಟರು.

"ಕೊಂಡಾಪುರದ ಟಿವಿ ಬಂದ್ ಮಾಡಾಕತ್ತೀನಿ. ಇದನ್ನ ಒತ್ತಿದ್ರ ಅಲ್ಲೀದೂ ಬಂದ್ ಆಗ್ತೈತಿ, ಇಲ್ಲೀದೂ ಬಂದ್ ಆಗ್ತೈತಿ. ನಾಳೆ ಸುಬ್ಬಣ್ಣ ಫೋನ್ ಮಾಡ್ತಾನ. ನಾ ಹೋಗ್ತೀನಿ. ಮೊದಲನೇ ಸಲ ತಾನ ಆಗಿತ್ತು. ಆಮ್ಯಾಲಿಂದು ನಾನ ಮಾಡಿದ್ದು."

ನನಗೆ ಸಿಟ್ಟು ಬಂತು. ಅವರ ಮೇಲೋ, ತಮ್ಮನ ಮೇಲೋ, ಅದು ನನಗೇ ತಿಳಿಯಲಿಲ್ಲ. "ಹೋಗಬೇಕಂದ್ರ ಹೋಗ್ರಲಾ! ತಮ್ಮನ ಮನಿ ಅದು. ಇಷ್ಟೆಲ್ಲಾ ಕಾರಭಾರ ಯಾಕ?" ಎಂದು ದಬಾಯಿಸಿದೆ.

"ಹೋಗಿದ್ದೆ ಮಾನಸಾ. ದೀಪಾವಳಿ ಆದಮ್ಯಾಲ ಒಂದ್ಸಲ ಹಂಗ ಎದ್ದು ಹೋಗಿದ್ದೆ. ಬಾಗಲಾ ತೆಗದಕಿನ ಕೋಕಿಲಾ ಕೇಳಿದ್ಲು, 'ಯಾಕ್ರಿ ಅಕ್ಕಾರ, ಏನಾತು?' ಅಂತ. ಕೆಟ್ಟ ಮನಸಿಲೆ ಕೇಳಲಿಲ್ಲ ಅಕಿ. ಗಾಬರಿ ಆಗಿದ್ಲು, ಮೈಯಾಗ ಆರಾಮ ಇಲ್ಲೇನೋ ಅಂತ. ನೀರು ಕೊಟ್ಲು, ಫ್ಯಾನ್ ಹಾಕಿದ್ಲು. ನಾ ಯಾಕ ಬಂದೀನಿ ಅಂತ ಎಲ್ಲಾರೂ ನನ್ನ ಮಾರಿನ ನೋಡಾಕತ್ರು. ಏನ್ ಹೇಳಬೇಕ ನನಗೂ ತಿಳೀಲಿಲ್ಲ. ರಿಮೋಟಿಗೆ ಸೆಲ್ ತಂದೀನಿ ಅಂತ ಹೇಳಿ, ಕೊಟ್ಟು ಬಂದೆ."

"ಅಷ್ಟಕ್ಕ?"

"ಅವರ ಗೇಟಿನ್ಯಾಗ ವಾಚ್‌ಮನ್ ಒಂದ್ ಫೋನ್ ಹಿಡಕೊಂಡ್ ನಿಂತಿರ್ತಾನ. 'ಕ್ಯಾ ಕಾಮ್ ಹೈ ಅಮ್ಮಾ?' ಅಂತ ಕೇಳ್ತಾನ. ಟಿವಿ ಅಂದ್ರ 'ರಿಪೇರಿ' ಅಂತ ಒತ್ತಿ ಒಳಗ ಬಿಡ್ತಾನ. ಏನೂ ಕೆಲಸಿಲ್ಲ ಅಂದ್ರ ಅವ ಏನ್ ಒತ್ತಬೇಕು, ಹೇಳು? ಟಿವಿ ಕೆಟ್ರ ನನ್ನ ಕರೀತಾರ. ಕೆಡಲಿಲ್ಲಂದ್ರ ಮರೀತಾರ. ನನಗ ಭಾಳ ಬ್ಯಾಸರ ಆಗ್ತೈತಿ ಮಾನಸಾ. ಭಾನುವಾರ ಈ ಮನ್ಯಾಗ ಗ್ವಾಡಿ ನೋಡಕೋಂತ ಕೂಡಾಕ ನನ್ನ ಕೈಲೆ ಆಗೂದಿಲ್ಲ."

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಬ್ಯಾಸರ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಒಂಟಿಯಾಗಿ ಕೂರಬೇಕೆಂದರೆ ಬಚ್ಚಲಿಗೇ ಹೋಗಬೇಕು. ಅಲ್ಲೂ ಯಾರಾದರೂ ಬಾಗಿಲು ಬಡಿಯುತ್ತಾರೆ. ನನಗೇನು ಗೊತ್ತಿತ್ತು ಅವರ ಭಾನುವಾರ? ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಕೆಳಗೆ ಬಂದೆ. ಹೆಪ್ಪು ಅಲ್ಲೇ ಮರೆತಿದ್ದೆ.

ಆಮೇಲೆ ಸ್ವಲ್ಪ ದಿನ ಹೀಗೇ ನಡೆಯಿತು. ಸುಬ್ಬಣ್ಣ ಕೆಟ್ಟವನಾಗಿದ್ದರೆ ನನಗೆ ಬೈಯಲು ಸುಲಭವಿತ್ತು. ಅವನು ಒಳ್ಳೆಯವನು. ಅಕ್ಕನೆಂದರೆ ಪ್ರಾಣ. ಆ ಪ್ರಾಣವೇ ಮುಳುವಾಯಿತು. ಅಕ್ಕ ವಾರವಾರವೂ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಅವನ ಮನಸ್ಸನ್ನು ಕೊರೆಯುತ್ತಿತ್ತು. ಒಂದು ಶುಕ್ರವಾರ ಕೋಕಿಲಾಳ ಫೋನು ಬಂತು: ಈ ಭಾನುವಾರ ತಪ್ಪದೆ ಬನ್ನಿ, ಒಂದು ಕೆಲಸವಿದೆ. ಟಿವಿ ಕೆಡುವ ಮೊದಲೇ ಕರೆ ಬಂದದ್ದು ಅದೇ ಮೊದಲು. ವಿಶಾಲಕ್ಕನ ಮುಖ ನೋಡಬೇಕಿತ್ತು. ಆ ಶನಿವಾರ ಅವರು ಗುಂಡಿ ಒತ್ತಲಿಲ್ಲ.

ಗಚ್ಚಿಬೌಲಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆಯಿದೆ, ಅವಳನ್ನು ನೋಡುವ ನೆಪ ಮಾಡಿಕೊಂಡು ನಾನೂ ಜೊತೆಗೆ ಹೊರಟೆ. ಮೊದಲು ಕೊಂಡಾಪುರಕ್ಕೆ ಹೋದೆವು.

ಒಳಗೆ ಹೋದರೆ ಗೋಡೆಯ ಮೇಲೆ ಹೊಸ ಟಿವಿ, ನಮ್ಮ ಅಡುಗೆಮನೆಯ ಬಾಗಿಲಷ್ಟು ದೊಡ್ಡದು. ಹಳೆಯದು ಮೂಲೆಯಲ್ಲಿ ಮುಖ ಗೋಡೆಗೆ ಮಾಡಿಕೊಂಡು ನಿಂತಿತ್ತು. ಸುಬ್ಬಣ್ಣ ಅಕ್ಕನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ.

"ಆ ಹಾಳಾದ್ದನ್ನ ತೆಗದ ಬಿಟ್ಟೆ ಅಕ್ಕಾ. ವಾರಾವಾರಾ ನಿನಗ ತ್ರಾಸು. ಇದಕ್ಕ ಖಾತೆನೂ ನಮ್ಮ ಹೆಸರಿಲೆ ಹೊಸಾದು ಮಾಡಿಬಿಡೂಣು. ಇನ್ನ ಮ್ಯಾಲ ಇದಕ್ಕಂತ ನೀ ಓಡಿ ಬರೂ ಪರೇಶಾನಿನ ಇಲ್ಲ. ಇದೊಂದ್ಸಲ ನೀನ ಕುಂತು ಎಲ್ಲಾ ಸರಿ ಮಾಡಿ ಕೊಟ್ಟಬಿಡು."

ಅವನ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. ಕೋಕಿಲಾ ಒಳಗಿನಿಂದಲೇ, "ಹೌದ್ರಿ ಅಕ್ಕಾರ, ನಮಗೂ ಎಷ್ಟ್ ಕೆಟ್ಟ ಅನಸ್ತಿತ್ತು" ಎಂದಳು. ವಿಶಾಲಕ್ಕ ಟಿವಿಯನ್ನೇ ನೋಡುತ್ತ, "ಭಾಳ ಛಲೋ ಐತಿ" ಎಂದರು. ಆಮೇಲೆ ರಿಮೋಟು ಕೈಗೆ ತೆಗೆದುಕೊಂಡರು.

ಎಲ್ಲವನ್ನೂ ಚೆನ್ನಾಗಿಯೇ ಮಾಡಿದರು. ವೈಫೈ ಜೋಡಿಸಿದರು, ಭಾಷೆ ಕನ್ನಡಕ್ಕೆ ತಂದರು, ಭರತ ಬೇಡದ್ದನ್ನು ತೆರೆಯದಂತೆ ಬೀಗದ ಸಂಖ್ಯೆ ಹಾಕಿದರು, ಮಾತು ಸಣ್ಣಗೆ ಹಾಡು ಜೋರಾಗಿ ಬರದಂತೆ ದನಿ ಹೊಂದಿಸಿದರು. ಹೊಸ ಖಾತೆಯ ಪುಟ ಬಂತು. ಮೊಬೈಲ್ ನಂಬರ್ ಹಾಕಿ ಎಂದು ಕೇಳಿತು.

"ನಿನ್ನ ನಂಬರ ಹಾಕಬಿಡಕ್ಕಾ," ಎಂದ ಸುಬ್ಬಣ್ಣ, ಚುರಮುರಿ ಮೆಲ್ಲುತ್ತ. "ಹೆಸರು ನಮ್ದಿರಲಿ, ನಂಬರ ನಿಂದ ಇರಲಿ. ನಮಗೇನ್ ತಿಳೀತೈತಿ ಅದರಾಗ."

ವಿಶಾಲಕ್ಕನ ಹೆಬ್ಬೆರಳು ರಿಮೋಟಿನ ಮೇಲೆ ನಿಂತಿತು. ಇವರ ನಂಬರ್ ಹಾಕಿದರೆ ಓಟಿಪಿ ಇವರಿಗೇ ಬರುತ್ತದೆ, ಆ ಗುಂಡಿ ಇವರ ಕೈಯಲ್ಲೇ ಇರುತ್ತದೆ. ಹೊಸ ಟಿವಿಗೂ ಭಾನುವಾರದ ಕಾಯಿಲೆ ಹತ್ತುತ್ತದೆ. ಎದುರಿಗೇ ಇಟ್ಟ ತಟ್ಟೆ, ಕೈ ಹಾಕಿದರೆ ಆಯಿತು. ಹಾಕಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ನಾಚಿಕೆಯಿಲ್ಲದೆ ಹೇಳಿಕೊಂಡೆ.

"ಕೋಕಿಲಾ, ನಿನ್ನ ನಂಬರ ಹೇಳು," ಎಂದರು ವಿಶಾಲಕ್ಕ.

ಕೋಕಿಲಾ ಹೇಳಿದಳು. ಇವರು ಬಾಣದ ಗುರುತು ಒತ್ತಿ ಒತ್ತಿ ಒಂದೊಂದೇ ಅಂಕಿ ಇಟ್ಟರು. ಅಡುಗೆಮನೆಯಲ್ಲಿದ್ದ ಅವಳ ಮೊಬೈಲು ಟಿಣ್ ಎಂದಿತು. ಸಿಂಚನಾ ಓಡಿಹೋಗಿ ತಂದು ಓಟಿಪಿ ಓದಿದಳು. ಟಿವಿ ತೆರೆದುಕೊಂಡಿತು.

ಆ ಹುಡುಗಿ ಚುರುಕು. ಅತ್ತೆಯ ಪಕ್ಕದಲ್ಲಿ ಕೂತು ಎಲ್ಲ ಕೇಳಿ ತಿಳಿದುಕೊಂಡಳು. "ಅತ್ತೀ, ಇಲ್ಲಿ ಎಲ್ಲಾ ಸಾಧನಗಳಿಂದ ಸೈನ್ ಔಟ್ ಅಂತ ಐತಲಾ, ಇದನ್ನ ಯಾವಾಗ ಒತ್ತಬೇಕ್ರಿ?"

"ಫೋನ್ ಕಳದ್ರ ಒತ್ತಬೇಕು. ಸುಮ್ಮಸುಮ್ಮನ ಒತ್ತಬಾರದು ತಂಗಿ."

ಊಟವಾಯಿತು. ಸಿನಿಮಾ ಹಾಕಿದರು. ಸೋಫಾದ ನಡುವಿನ ಜಾಗ ತೋರಿಸಿ ಭರತ "ಅತ್ತಿ, ಬರ್ರಿ" ಎಂದು ಕರೆದ. ವಿಶಾಲಕ್ಕ ಎದ್ದು ನಿಂತಿದ್ದರು.

"ಮಾನಸಾಗ ಗಚ್ಚಿಬೌಲಿಗೆ ಹೋಗೂದೈತಿ. ತಡ ಆಗ್ತೈತಿ. ನೀವು ನೋಡ್ರಿ."

ನನ್ನ ಹೆಸರನ್ನು ಹೀಗೆ ಅಡ್ಡ ತಂದದ್ದು ನನಗೆ ಹಿಡಿಸಲಿಲ್ಲ. ನನಗೇನೂ ಅವಸರವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದ ರೀತಿಗೆ ಮುಚ್ಚಿಕೊಂಡೆ. ಪಾಪ, ಅಕ್ಕನಿಗೆ ಬಸ್ಸಿನ ಚಿಂತೆ ಎಂದು ಸುಬ್ಬಣ್ಣನೂ ಒತ್ತಾಯ ಮಾಡಲಿಲ್ಲ. ಕೋಕಿಲಾ ಡಬ್ಬಿಗೆ ಎಣ್ಣೆಗಾಯಿ ಹಾಕಿ ಕೊಟ್ಟಳು. ವಿಶಾಲಕ್ಕ ಬಾಗಿಲಲ್ಲಿ ಒಂದು ಗಳಿಗೆ ನಿಂತು, ನಾಲ್ವರೂ ಕೂತದ್ದನ್ನು ನೋಡಿ, ಚಪ್ಪಲಿ ಮೆಟ್ಟಿದರು. ತಮ್ಮನ ಮನೆಯೂ ಅವರಿಗೆ ನಮ್ಮ ಮನೆಯಂತೆ ಆಗಿಹೋಯಿತು.

ಬಸ್ಸು ಹತ್ತಿ ಕೂತೆವು. ನನಗೆ ತಡೆಯಲಾಗಲಿಲ್ಲ. "ಅವ ತಾನ ಹೇಳಿದ್ನಲ್ರಿ, ನಿಮ್ಮ ನಂಬರ ಹಾಕಬೇಕಿಲ್ಲೇನು?"

"ಹಾಕಿದ್ರ ಒತ್ತತಿದ್ದೆ ಮಾನಸಾ. ನನ್ನ ಕೈ ಸುಮ್ಮನಿರ್ತಿರಲಿಲ್ಲ. ಹುಡುಗರು ಅಷ್ಟ್ ಖುಷಿಲೆ ಕುಂತಿರ್ತಾವು, ಅವರ ಟಿವಿ ಬಂದ್ ಮಾಡಿ ನಾ ಹೋಗಿ ನಡಕ ಕೂಡೂದು, ಅದು ಸರಿ ಅಲ್ಲ." ಕಿಟಕಿಯ ಕಡೆ ತಿರುಗಿದರು. "ಆದ್ರ ಈಗ ನಾ ಏನ್ ಹೇಳಿ ಹೋಗ್ಲಿ?"

ಗಚ್ಚಿಬೌಲಿಯಲ್ಲಿ ನಾನು ಇಳಿಯಲಿಲ್ಲ. ಚಿಕ್ಕಮ್ಮನ ಮಗಳಿಗೆ ತಲೆನೋವೆಂದು ಫೋನ್ ಮಾಡಿ ಹೇಳಿ ಮೆಹದಿಪಟ್ಟಣಂವರೆಗೆ ಜೊತೆಗೇ ಬಂದೆ.

ಆಮೇಲಿನ ಭಾನುವಾರಗಳಲ್ಲಿ ಕೊಂಡಾಪುರದಿಂದ ಕರೆ ಬರಲಿಲ್ಲ. ಹೊಸ ಟಿವಿ ಹೇಳಿದಂತೆ ಕೇಳುತ್ತಿತ್ತು. ಕೂಡಿಸಿಕೊಟ್ಟವರು ಅಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದರು. ಸುಬ್ಬಣ್ಣ ವಾರದ ನಡುವೆ ಫೋನ್ ಮಾಡಿ ಊಟ ಆಯಿತೇ, ಔಷಧ ತೆಗೆದುಕೊಂಡೆಯಾ ಎಂದು ಕೇಳುತ್ತಿದ್ದ. ಭಾನುವಾರ ಬಾ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಅಕ್ಕ ಈಗಲಾದರೂ ಆರಾಮಾಗಿದ್ದಾಳೆ ಎಂದು ಅವನ ನಂಬಿಕೆ.

ವಿಶಾಲಕ್ಕ ಈಗ ನಮ್ಮ ಕಟ್ಟಡದ ಬೆನ್ನು ಹತ್ತಿದರು. ಕರೆಯದಿದ್ದರೂ ಬಂದು ರಿಮೋಟುಗಳ ಸೆಲ್ ತೆಗೆದು ಒರೆಸಿದರು, ಗುರುಸಿದ್ದಪ್ಪನವರ ಮೊಬೈಲಿನ ಅಕ್ಷರ ದೊಡ್ಡದು ಮಾಡಿದರು, ನಮ್ಮ ಟಿವಿಯ ಹಿಂದಿನ ವೈರುಗಳಿಗೆ ದಾರ ಕಟ್ಟಿ ಜಡೆ ಹಾಕಿದರು. ಇಡೀ ಕಟ್ಟಡದಲ್ಲಿ ಕೆಡಲು ಏನೂ ಉಳಿಯಲಿಲ್ಲ. ಊಟಕ್ಕೆ ಕರೆದರೆ ಒಲ್ಲೆ, ಸಿನಿಮಾಕ್ಕೆ ಕರೆದರೆ ಒಲ್ಲೆ. ಒಂದು ಭಾನುವಾರ ಮಧ್ಯಾಹ್ನ ನಾನು ರೇಗಿಬಿಟ್ಟೆ. ಮೇಲೆ ಹೋಗಿ ಅವರ ಮೊಬೈಲು ಅವರ ಕೈಗೇ ತುರುಕಿದೆ.

"ಫೋನ್ ಹಚ್ರಿ ಅಕ್ಕಾರ. ಬರ್ತೀನಿ ಅಂತ ಹೇಳ್ರಿ."

"ಏನಂತ?"

"ಏನೂ ಅನಬ್ಯಾಡ್ರಿ. ಬರ್ತೀನಿ ಅಂತ ಅನ್ರಿ, ಅಷ್ಟ."

ಹಚ್ಚಿದರು. ಕಿವಿ ಸ್ವಲ್ಪ ಮಂದವಾಗಿರುವುದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಆ ಕಡೆ ಸಿನಿಮಾದ ಗದ್ದಲ, ಅದರ ನಡುವೆ ಸುಬ್ಬಣ್ಣನ ದನಿ.

"ಹಾಂ ಅಕ್ಕಾ, ಯಾಕ? ಆರಾಮ ಅದಿ ಇಲ್ಲೋ?"

"ಆರಾಮ ಅದೀನಿ. ಸುಬ್ಬಣ್ಣಾ, ನಾ ಬರಾಕತ್ತೀನಿ ಇವತ್ತ."

"ಇವತ್ತ? ಟಿವಿ ಭೇಷ್ ನಡದೈತಿ ಅಕ್ಕಾ, ಏನೂ ತಕರಾರಿಲ್ಲ."

"ಗೊತ್ತೈತಿ."

ದೂರದಿಂದ ಕೋಕಿಲಾ, "ಯಾರ್ರಿ? ಏನ್ ಕೆಲಸಂತ?" ಎಂದಳು. "ಅಕ್ಕ. ಏನೂ ಕೆಲಸಿಲ್ಲಂತ, ಬರ್ತಾಳಂತ," ಎಂದ ಸುಬ್ಬಣ್ಣ. ವಿಶಾಲಕ್ಕನ ಮುಖ ಕೆಂಪಾಯಿತು. ಫೋನು ಇಟ್ಟುಬಿಡುತ್ತಾರೆ ಎಂದು ನಾನು ಹೆದರಿದೆ. ಅವರ ಹೆಬ್ಬೆರಳು ಆ ಕೆಂಪು ಗುಂಡಿಯ ಹತ್ತಿರ ಹೋಗಿಯೂ ಇತ್ತು.

"ಸುಬ್ಬಣ್ಣಾ," ಎಂದರು. "ಒಬ್ಬಾಕೀಗೆ ನನಗ ಇಲ್ಲಿ ಬ್ಯಾಸರಾಗೈತಿ. ಅದಕ್ಕ ಬರಾಕತ್ತೀನಿ. ಪಿಚ್ಚರ್ ಚಾಲೂ ಆಗೇತೇನು?"

"ಈಗ... ಈಗ ಹಚ್ಚೀವಕ್ಕಾ."

"ನಿಂದರಸು. ನಾ ಬರೂತನಾ ನಿಂದರಸು."

ಆ ಕಡೆ ಸಿನಿಮಾ ಓಡುತ್ತಲೇ ಇತ್ತು. ಯಾರೋ ಯಾರನ್ನೋ ಬೈಯುತ್ತಿದ್ದರು, ಹಿಂದೆ ತಬಲಾ. ವಿಶಾಲಕ್ಕ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಸುಬ್ಬಣ್ಣ ಗಂಟಲು ಸರಿಮಾಡಿಕೊಂಡು, ನಮಗಲ್ಲ, ಮನೆಯವರಿಗೆ, "ರಿಮೋಟ್ ಎಲ್ಲೈತಿ? ಕೊಡಿಲ್ಲಿ," ಎಂದದ್ದು ಕೇಳಿಸಿತು. ಸಿನಿಮಾದ ಸದ್ದು ನಿಂತಿತು.